ಯಜಮಾನ ತೀರಿಕೊಂಡ ಮನೆಯ ಬಾಡಿಗೆ

ವಠಾರದ ಯಜಮಾನರು ತೀರಿಕೊಂಡರು. ಹದಿಮೂರು ದಿನಗಳ ಕರ್ಮಗಳೂ ಮುಗಿದುವು. ಹೊಸ ತಿಂಗಳು ಹುಟ್ಟಿ ಐದಾರು ದಿನಗಳಾಗಿವೆ. ವಠಾರದ ಆರು ಮನೆಗಳಲ್ಲೂ ಬಾಡಿಗೆಯ ಹಣ ಸಿದ್ಧವಾಗಿದೆ. ಅದನ್ನು ಯಾರ ಕೈಯಲ್ಲಿ ಇಡಬೇಕೆಂಬುದು ಮಾತ್ರ ಯಾರಿಗೂ ತಿಳಿಯದು. ಹಿರಿಯ ಮಗ ಮುಂಬಯಿಯಲ್ಲಿ. ಕಿರಿಯ ಮಗ ಅದೇ ಬೀದಿಯಲ್ಲಿದ್ದರೂ ಅಣ್ಣನೊಡನೆ ಮಾತಿಲ್ಲ. ಮಗಳು ಗಂಡನ ಮನೆಯಲ್ಲಿ. ನಡುಮನೆಯಲ್ಲಿ ಕುಳಿತಿರುವ ತಾಯಿಗೆ ರಸೀದಿ ಪುಸ್ತಕ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಅಷ್ಟರಲ್ಲಿ ಹಿಂಭಾಗದ ಮನೆಯ ಹೆಂಚು ಒಡೆದು ಸೋರುತ್ತಿದೆ, ಕಂದಾಯದ ಗಡುವು ಹತ್ತಿರ ಬಂದಿದೆ, ನಲ್ಲಿಯ ರಿಪೇರಿ ಮಾಡಿದವನು ಬಾಕಿಗಾಗಿ ಬಾಗಿಲಲ್ಲಿ ನಿಂತಿದ್ದಾನೆ.

ಇಂಥ ದೃಶ್ಯವನ್ನು ಕಾಣದ ಬೀದಿ ನಮ್ಮ ಊರುಗಳಲ್ಲಿ ಇರಲಾರದು. ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸ್ವತ್ತು ಯಾರದು ಎಂಬುದು ಮೊದಲನೆಯದು. ಪಾಲಾಗುವವರೆಗೆ ಅದನ್ನು ನೋಡಿಕೊಳ್ಳುವವರು ಯಾರು, ಅವರು ಲೆಕ್ಕ ಒಪ್ಪಿಸಬೇಕಾದದ್ದು ಯಾರಿಗೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯ ಮೇಲೆ ನಮ್ಮಲ್ಲಿ ಗ್ರಂಥರಾಶಿಯೇ ಇದೆ. ಎರಡನೆಯದರ ಚರಿತ್ರೆಯನ್ನು ಹೇಳುವವರು ಕಡಮೆ. ಆದರೆ ಮನೆಗಳು ಹಾಳಾದದ್ದು, ವಿಧವೆಯರು ಬರಿಗೈಯಾದದ್ದು, ಬಾಡಿಗೆದಾರರು ಎರಡೆರಡು ಸಲ ಬಾಡಿಗೆ ತೆತ್ತದ್ದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದೆ ಹೋದಾಗಲೇ.

ಮನೆಯನ್ನು ಬಾಡಿಗೆಗೆ ಕೊಡುವುದು ಹೊಸ ಕಾಲದ ಪದ್ಧತಿಯೆಂದು ನಮ್ಮಲ್ಲಿ ಅನೇಕರ ಭಾವನೆ. ಹಾಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಾಡಿಗೆಗೆ 'ಅವಕ್ರಯ' ಎಂಬ ಮಾತಿದೆ. ಬಿಡು ಎಂದರೂ ಬಿಡದೆ ಕೂತ ಬಾಡಿಗೆದಾರನಿಗೂ, ಬಾಡಿಗೆ ಕೊಡುತ್ತಿರುವವನನ್ನು ಹೊರಕ್ಕೆ ತಳ್ಳಿದ ಮನೆಯೊಡೆಯನಿಗೂ ಅಲ್ಲಿ ಒಂದೇ ದಂಡ, ಹನ್ನೆರಡು ಪಣ. ಬಯ್ಗುಳ, ಕಳವು, ಬಲಾತ್ಕಾರ ಮೊದಲಾದ ದೋಷಗಳು ಬಾಡಿಗೆದಾರನಲ್ಲಿ ಕಂಡರೆ ಮಾತ್ರ ಒಡೆಯನಿಗೆ ದಂಡವಿಲ್ಲ. ಬಾಡಿಗೆದಾರ ತಾನಾಗಿ ಬಿಟ್ಟು ಹೊರಟರೆ ಆ ವರ್ಷದ ಉಳಿದ ಬಾಡಿಗೆಯನ್ನು ತೆರಬೇಕು. ಈ ಗ್ರಂಥದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ೧೯೦೫ರಲ್ಲಿ ಬಂದು, ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಗುವವರೆಗೆ, ಇಷ್ಟು ಹಿಂದೆಯೇ ನಮ್ಮ ಊರುಗಳಲ್ಲಿ ಮನೆಯೊಡೆಯನಿಗೂ ಬಾಡಿಗೆದಾರನಿಗೂ ಸಮನಾದ ದಂಡ ವಿಧಿಸಿದ್ದರೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಅದೇ ಗ್ರಂಥದ ದಾಯವಿಭಾಗದ ಅಧ್ಯಾಯದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ ಒಂದು ಮಾತಿದೆ. ತಂದೆ ಸತ್ತು ಮಕ್ಕಳು ಇನ್ನೂ ವ್ಯವಹಾರದ ವಯಸ್ಸಿಗೆ ಬಂದಿಲ್ಲ. ಆಗ ಅವರ ಪಾಲನ್ನು, ಸಾಲಸೋಲಗಳನ್ನು ತೀರಿಸಿ ಶುದ್ಧಮಾಡಿ, ತಾಯಿಯ ಕಡೆಯ ಬಂಧುಗಳಲ್ಲಿ ಅಥವಾ ಊರ ಹಿರಿಯರಲ್ಲಿ ಇಡಬೇಕು. ಪರದೇಶಕ್ಕೆ ಹೋದವನ ಪಾಲನ್ನೂ ಹಾಗೆಯೇ. ಇದರಲ್ಲಿ ಗಮನಿಸಬೇಕಾದದ್ದು 'ತಾಯಿಯ ಕಡೆಯವರು' ಎಂಬ ಮಾತು. ದೊಡ್ಡಪ್ಪ ಚಿಕ್ಕಪ್ಪಂದಿರು ಇರುವಾಗ ಸೋದರಮಾವನ ಕೈಗೆ ಏಕೆ ಕೊಡಬೇಕು? ಕಾರಣವನ್ನು ಕೌಟಿಲ್ಯ ಬಿಡಿಸಿ ಹೇಳುವುದಿಲ್ಲ. ಆದರೆ ಊಹಿಸುವುದು ಕಷ್ಟವಲ್ಲ. ದಾಯಾದಿಗೆ ಆ ಸ್ವತ್ತಿನಲ್ಲಿ ಆಸೆ ಇರಬಹುದು. ಮಗು ಹೋದರೆ ಪಾಲು ಅವನ ಕಡೆಗೆ ತಿರುಗಬಹುದು. ಸೋದರಮಾವನಿಗೆ ಆ ಆಸೆಗೆ ಎಡೆಯಿಲ್ಲ. ಸ್ವತ್ತಿನಲ್ಲಿ ಪಾಲಿಲ್ಲದವನೇ ಸ್ವತ್ತನ್ನು ಕಾಯಲು ತಕ್ಕವನು ಎಂಬ ಈ ಸೂಕ್ಷ್ಮವನ್ನು ಮುಂದೆ ನಾವು ಬಹಳ ಕಾಲ ಮರೆತುಬಿಟ್ಟೆವು ಎಂದೇ ನನ್ನ ಎಣಿಕೆ.

ಮರೆಯಲು ಕಾರಣ ಇನ್ನೊಂದು ದೊಡ್ಡ ಸಿದ್ಧಾಂತ. ಅದು ಹುಟ್ಟಿದ್ದು ಕನ್ನಡ ನಾಡಿನಲ್ಲಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದಲ್ಲಿ ಆಳುತ್ತಿದ್ದಾಗ, ಎಂದರೆ ೧೦೭೬ರಿಂದ ೧೧೨೬ರವರೆಗಿನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಉಳಿದ ಹಿಂದೂದೇಶದ ಬಹುಭಾಗ ಅದನ್ನೇ ಪ್ರಮಾಣವೆಂದು ಹಿಡಿಯಿತು. ಅದರ ಜೀವಾಳ ಜನ್ಮಸ್ವತ್ವ: ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಸತ್ತಾಗ ಹೊಸದಾಗಿ ಯಾರಿಗೂ ಏನೂ ಬರುವುದಿಲ್ಲ. ಮೊದಲೇ ಇದ್ದ ಹಕ್ಕು ಹಿಗ್ಗುತ್ತದೆ, ಅಷ್ಟೆ. ಆದ್ದರಿಂದ ಮನೆಗೆ ಒಡೆಯನಿಲ್ಲದ ಒಂದು ಕ್ಷಣವೂ ಇಲ್ಲ. ತಂದೆ ಕಣ್ಣುಮುಚ್ಚಿದೊಡನೆ ಹಿರಿಯ ಮಗ ಕುಟುಂಬದ ಯಜಮಾನ, ಕಾನೂನಿನ ಮಾತಿನಲ್ಲಿ 'ಕರ್ತ'. ಮುಂದಿನ ತಿಂಗಳ ಬಾಡಿಗೆಯನ್ನು ಅವನೇ ವಸೂಲು ಮಾಡುತ್ತಾನೆ, ಅವನ ರಸೀದಿಯೇ ರಸೀದಿ.

ಎಷ್ಟು ಸರಳ! ಒಂದೇ ಸೂರಿನ ಕೆಳಗೆ ಒಂದೇ ಒಲೆಯಲ್ಲಿ ಎಲ್ಲರೂ ಉಣ್ಣುವವರೆಗೆ ಅದು ಬಹಳ ಚೆನ್ನಾಗಿ ನಡೆಯಿತು. ಆದರೆ ಈ ಸರಳತೆಗೆ ತೆತ್ತ ಬೆಲೆಯೂ ಉಂಟು. ಕರ್ತನು ಹಿಂದಿನ ವರ್ಷಗಳ ಲೆಕ್ಕ ಕೊಡಬೇಕಾಗಿಲ್ಲ. ಪಾಲು ಕೇಳಿದ ತಮ್ಮನಿಗೆ ಆ ದಿನ ಏನು ಉಳಿದಿದೆಯೋ ಅದರಲ್ಲಿ ಭಾಗ. ಮೋಸ ಮಾಡಿದನೆಂದು, ಸ್ವಂತಕ್ಕೆ ಬಳಸಿಕೊಂಡನೆಂದು ತೋರಿಸಿದರೆ ಮಾತ್ರ ಹಿಂದಿನ ಮಾತು. ಹತ್ತು ವರ್ಷ ಬಾಡಿಗೆ ಎತ್ತಿ ಅದರಲ್ಲಿ ಎಷ್ಟನ್ನು ಮನೆಗೆ ಹಾಕಿದ, ಎಷ್ಟನ್ನು ಮಗಳ ಮದುವೆಗೆ, ಎಷ್ಟನ್ನು ಊಟಕ್ಕೆ ಎಂದು ಕೇಳುವ ಹಕ್ಕು ತಮ್ಮನಿಗಿಲ್ಲ. ಅತ್ತಿಗೆ ನಾದಿನಿಯರ ಮಾತು ಬಿಡಿ. ಅವರಿಗೆ ಅನ್ನವಸ್ತ್ರದ ಹಕ್ಕು ಮಾತ್ರ. ನಂಬಿಕೆಯ ಮೇಲೆ ನಿಂತ ಏರ್ಪಾಡು ಅದು. ನಂಬಿಕೆ ಇದ್ದ ಮನೆಗಳಲ್ಲಿ ಲೆಕ್ಕ ಬೇಕಾಗಲಿಲ್ಲ, ಇಲ್ಲದ ಮನೆಗಳಲ್ಲಿ ಲೆಕ್ಕ ಸಿಗಲಿಲ್ಲ.

ಮುಸಲ್ಮಾನರ ಶಾಸ್ತ್ರದ ದಾರಿ ಬೇರೆ. ಅಲ್ಲಿ ಕರ್ತನೆಂಬವನಿಲ್ಲ, ಹುಟ್ಟಿನ ಹಕ್ಕೂ ಇಲ್ಲ. ಮೊದಲು ಅಂತ್ಯಕ್ರಿಯೆಯ ವೆಚ್ಚ, ಆಮೇಲೆ ಸಾಲ, ಆಮೇಲೆ ಉಳಿದದ್ದರಲ್ಲಿ ಮೂರನೆಯ ಒಂದು ಭಾಗವನ್ನು ಮೀರದ ವಸಿಯತ್ತು. ಮಿಕ್ಕದ್ದು ಹೆಂಡತಿಗೆ ಇಷ್ಟು, ಮಗಳಿಗೆ ಇಷ್ಟು, ಮಗನಿಗೆ ಇಷ್ಟು ಎಂದು ಗೊತ್ತಾದ ಪಾಲುಗಳಲ್ಲಿ ಹಂಚಿಕೆ. ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು. ಮಗಳಿಗೆ ಮಗನ ಅರ್ಧ. ಪಾಲು ಸ್ವಲ್ಪವೇ ಇರಬಹುದು, ಆದರೆ ಲೆಕ್ಕದ ಪುಸ್ತಕದಲ್ಲಿ ಹೆಣ್ಣಿನ ಹೆಸರು ಮೊದಲಿನಿಂದಲೂ ಇತ್ತು. ಬಾಡಿಗೆಯಲ್ಲಿ ತನ್ನ ಎಂಟನೆಯ ಒಂದು ಪಾಲು ಎಲ್ಲಿ ಎಂದು ಕೇಳಲು ತಾಯಿಗೆ ಬಾಯಿ ಇತ್ತು.

ಇನ್ನು ಉಯಿಲಿನ ಸಂಗತಿ. ಹಿಂದೂ ಧರ್ಮಶಾಸ್ತ್ರದಲ್ಲಿ ಮರಣಶಾಸನಕ್ಕೆ ಸ್ಥಳವಿರಲಿಲ್ಲ. ಹುಟ್ಟಿನಿಂದಲೇ ಮಗನದಾದ ಸ್ವತ್ತನ್ನು ತಂದೆ ಕಾಗದದ ಮೇಲೆ ಇನ್ನೊಬ್ಬರಿಗೆ ಬರೆಯುವುದೆಂತು? ಆ ಪದ್ಧತಿ ಬೆಳೆದದ್ದು ಇಂಗ್ಲಿಷರ ರೇವುಪಟ್ಟಣಗಳಲ್ಲಿ. ೧೭೨೬ರ ಸನ್ನದಿನಿಂದ ಮದರಾಸು, ಬೊಂಬಾಯಿ, ಕಲ್ಕತ್ತೆಗಳಲ್ಲಿ ಮೇಯರನ ನ್ಯಾಯಸ್ಥಾನಗಳು ನಡೆದುವು. ಕಲ್ಕತ್ತೆಯಲ್ಲಿ ೧೭೭೪ರಲ್ಲಿ ಸುಪ್ರೀಂ ಕೋರ್ಟು ಬಂತು. ಉಯಿಲಿಗೆ ಮುದ್ರೆ ಹಾಕಿಕೊಡುವ ಪ್ರೊಬೇಟಿನ ಕ್ರಮವೂ, ಉಯಿಲಿನಂತೆ ನಡೆಸುವ 'ಎಕ್ಸಿಕ್ಯೂಟರ್' ಎಂಬ ನಿರ್ವಾಹಕನೂ ಈ ದಾರಿಯಲ್ಲಿ ನಮ್ಮಲ್ಲಿಗೆ ಬಂದರು. ಈ ನಿರ್ವಾಹಕ ವಿಚಿತ್ರ ವ್ಯಕ್ತಿ. ಉಯಿಲು ಬರೆದವನ ಪ್ರಾಣ ಹೋದ ಗಳಿಗೆಯಿಂದ ಸ್ವತ್ತು ಇವನದಾಗುತ್ತದೆ. ಆದರೆ ಅದರಲ್ಲಿ ಒಂದು ಕಾಸನ್ನೂ ಇವನು ತಿನ್ನುವಂತಿಲ್ಲ. ಬಾಡಿಗೆಯನ್ನು ಎತ್ತಬೇಕು, ಮನೆಯನ್ನು ಕಾಯಬೇಕು, ಸಾಲವನ್ನು ತೀರಿಸಬೇಕು, ಉಳಿದದ್ದನ್ನು ಹೆಸರಿಸಿದವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಕು.

ಮಾತಿನಲ್ಲಿ ಇದು ಚೆಂದ. ನಡತೆಯಲ್ಲಿ ಏನಾಯಿತೆಂಬುದಕ್ಕೆ ಮದರಾಸಿನ ಪಚ್ಚಯ್ಯಪ್ಪ ಮೊದಲಿಯಾರರ ಆಸ್ತಿಯೇ ಸಾಕ್ಷಿ. ದುಭಾಷಿಯಾಗಿ ಅಪಾರ ಹಣ ಗಳಿಸಿದ ಆತ ೧೭೯೪ರಲ್ಲಿ ತೀರಿಕೊಂಡ. ಸಾಯುವ ಕೆಲವೇ ದಿನಗಳ ಮುಂಚೆ ಆಸ್ತಿಯನ್ನು ಧರ್ಮಕಾರ್ಯಗಳಿಗೆಂದು ಬರೆದಿಟ್ಟಿದ್ದ. ನೆಂಟರು, ನಿರ್ವಾಹಕರು, ವಕೀಲರು ಎಲ್ಲರೂ ಅದರ ಸುತ್ತ ನೆರೆದರು. ವ್ಯಾಜ್ಯಗಳು ಒಂದರ ಬೆನ್ನಿಗೆ ಒಂದು. ಅಡ್ವೊಕೇಟ್ ಜನರಲ್ ಜಾರ್ಜ್ ನಾರ್ಟನ್ ಮೊದಲಾದವರ ಆಸ್ಥೆಯಿಂದ ಆ ಹಣದಲ್ಲಿ ಒಂದು ಶಾಲೆ ತೆರೆದದ್ದು ೧೮೪೨ರಲ್ಲಿ. ನಾಲ್ವತ್ತೆಂಟು ವರ್ಷ! ಉಯಿಲು ಬರೆದ ದಿನ ಹುಟ್ಟಿದ ಮಗು ಮೊಮ್ಮಕ್ಕಳನ್ನು ಕಾಣುವಷ್ಟು ಕಾಲ.

ಕಲ್ಕತ್ತೆಯ ಪ್ರಸನ್ನಕುಮಾರ ಠಾಕೂರರ ಕಥೆ ಇದಕ್ಕಿಂತ ಪ್ರಸಿದ್ಧವಾದದ್ದು. ಸ್ವಲ್ಪ ನಿಂತು ನೋಡುವಂಥದು. ಅವರು ಸದರ್ ದಿವಾನಿ ಅದಾಲತ್ತಿನಲ್ಲಿ ಸರ್ಕಾರಿ ವಕೀಲರಾಗಿದ್ದವರು, ಕಾನೂನನ್ನು ಅರೆದು ಕುಡಿದವರು. ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಠಾಕೂರ್ ಕಾನೂನು ಉಪನ್ಯಾಸಗಳು ಅವರದೇ ದತ್ತಿ. ಅವರ ಜಮೀನ್ದಾರಿಯ ಗೇಣಿಯ ಉತ್ಪನ್ನ ದೊಡ್ಡದು. ಒಬ್ಬನೇ ಮಗ, ಜ್ಞಾನೇಂದ್ರಮೋಹನ. ಆತ ೧೮೫೧ರಲ್ಲಿ ಕ್ರೈಸ್ತನಾದ. ಆಮೇಲೆ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರನಾದ. ಭಾರತೀಯರಲ್ಲಿ ಆ ಪದವಿ ಪಡೆದ ಮೊದಲಿಗ ಅವನೇ. ಮತಾಂತರದಿಂದ ದಾಯದ ಹಕ್ಕು ಹೋಗಕೂಡದೆಂದು ೧೮೫೦ರಲ್ಲಿಯೇ ಕಾಯಿದೆ ಆಗಿತ್ತು. ಹಾಗಾದರೆ ಮಗನನ್ನು ದೂರವಿಡಲು ತಂದೆಗೆ ಉಳಿದ ದಾರಿ ಉಯಿಲೊಂದೇ. ೧೮೬೨ರಲ್ಲಿ ಉಯಿಲು ಬರೆದರು. ಮಗನಿಗೆ ಕೊಡಬೇಕಾದದ್ದನ್ನು ಹಿಂದೆಯೇ ಕೊಟ್ಟಾಗಿದೆ, ಇನ್ನೇನೂ ಇಲ್ಲ ಎಂದರು. ಸ್ವತ್ತೆಲ್ಲ ಟ್ರಸ್ಟಿಗಳ ಕೈಗೆ. ಅವರು ಉತ್ಪನ್ನವನ್ನು ಎತ್ತಿ, ಸಾಲ ಮತ್ತು ದತ್ತಿಗಳನ್ನು ತೀರಿಸಿ, ಸೋದರನ ಮಗನಾದ ಜತೀಂದ್ರಮೋಹನನಿಗೆ ಆಯುಷ್ಯವಿರುವತನಕ ಅನುಭವಕ್ಕೆ ಕೊಡಬೇಕು. ಅವನ ನಂತರ ಅವನ ಗಂಡುಸಂತಾನಕ್ಕೆ, ಅದರ ನಂತರ ಇನ್ನೊಬ್ಬರ ಗಂಡುಸಂತಾನಕ್ಕೆ. ಇಂಗ್ಲೆಂಡಿನ ಪ್ರಭುಗಳ ಮನೆತನಗಳಲ್ಲಿ ನಡೆಯುವಂತೆ, ತಾನು ಸತ್ತ ಮೇಲೂ ತಲೆತಲಾಂತರ ಸ್ವತ್ತು ತನ್ನ ಮಾತು ಕೇಳುತ್ತಿರಬೇಕು, ಹೆಣ್ಣಿನ ಕೈಗೆ ಹೋಗಕೂಡದು ಎಂಬ ಏರ್ಪಾಡು.

೧೮೬೮ರಲ್ಲಿ ಪ್ರಸನ್ನಕುಮಾರರು ತೀರಿಕೊಂಡರು. ಮಗ ನ್ಯಾಯಸ್ಥಾನಕ್ಕೆ ಹೋದ. ಕಲ್ಕತ್ತೆಯ ಹೈಕೋರ್ಟಿನಿಂದ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಏರಿ ೧೮೭೨ರಲ್ಲಿ ತೀರ್ಪಾಯಿತು. ಉಯಿಲು ಬರೆದವನು ಸಾಯುವಾಗ ಹುಟ್ಟಿಯೇ ಇಲ್ಲದವನಿಗೆ ದಾನ ಸಲ್ಲದು; ಹಿಂದೂ ಶಾಸ್ತ್ರ ಅರಿಯದ ಹೊಸ ಬಗೆಯ ವಂಶಸ್ವತ್ತನ್ನು ಯಾರೂ ಉಯಿಲಿನಿಂದ ಸೃಷ್ಟಿಸಲಾರರು; ಆದ್ದರಿಂದ ಜತೀಂದ್ರಮೋಹನನ ಜೀವಮಾನದ ಅನುಭವ ಮಾತ್ರ ಊರ್ಜಿತ, ಅದು ಮುಗಿದ ಮೇಲೆ ಸ್ವತ್ತು ಸಹಜ ವಾರಸುದಾರನಾದ ಮಗನಿಗೇ. 'ನಿನಗೆ ಕೊಡುವುದಿಲ್ಲ' ಎಂದು ಬರೆದರೆ ಸಾಲದು. ಇನ್ನೊಬ್ಬನಿಗೆ ಸರಿಯಾಗಿ ಕೊಟ್ಟಿದ್ದರೆ ಮಾತ್ರ ವಾರಸುದಾರ ಹೊರಗೆ. ಅಂಥ ಕಾನೂನುಪಂಡಿತನ ಉಯಿಲು ಕಾನೂನಿನ ಮುಂದೆಯೇ ಅರ್ಧ ಬಿದ್ದುಹೋಯಿತು.

ಕಾನೂನಿನ ವಿದ್ಯಾರ್ಥಿಗಳು ಇಷ್ಟಕ್ಕೆ ಪುಸ್ತಕ ಮುಚ್ಚುತ್ತಾರೆ. ನಮಗೆ ಬೇಕಾದದ್ದು ಮುಂದಿನ ಸಂಗತಿ. ತೀರ್ಪಿನ ಮೇಲೆ ಒಬ್ಬನಿಗೆ ಹಣ್ಣು, ಇನ್ನೊಬ್ಬನಿಗೆ ಮರ ಎಂದಂತಾಯಿತು. ಹಣ್ಣು ತಿನ್ನುವವನಿಗೆ ಈ ವರ್ಷದ ಗೇಣಿ ಬಾಡಿಗೆಗಳು ಎಷ್ಟು ಹೆಚ್ಚಿದರೆ ಅಷ್ಟು ಲಾಭ. ಮರಕ್ಕಾಗಿ ಕಾದವನಿಗೆ ಅದು ಒಣಗದಿದ್ದರೆ ಸಾಕು. ಒಬ್ಬನಿಗೆ ರಿಪೇರಿ ಎಂದರೆ ನಷ್ಟ, ಇನ್ನೊಬ್ಬನಿಗೆ ಅದೇ ಉಳಿತಾಯ. ಸತ್ತವನ ಸ್ವತ್ತನ್ನು ನೋಡಿಕೊಳ್ಳುವ ಯಾವ ಟ್ರಸ್ಟಿಯೂ ಈ ಎರಡು ಮುಖಗಳ ನಡುವೆ ಸಿಕ್ಕಿಬೀಳದೆ ಇರಲಾರ. ಇಂದಿಗೂ ತಾಯಿಗೆ ಬಾಡಿಗೆ, ಮಕ್ಕಳಿಗೆ ಮನೆ ಎಂದು ಬರೆದ ಉಯಿಲುಗಳಲ್ಲಿ ಈ ಜಗಳವನ್ನೇ ಕಾಣುತ್ತೇವೆ. ಜ್ಞಾನೇಂದ್ರಮೋಹನನಿಗೆ ಆ ಮರದ ನೆರಳೂ ದೊರೆಯಲಿಲ್ಲ. ಅವನು ೧೮೯೦ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಜತೀಂದ್ರಮೋಹನರು ಮಹಾರಾಜ ಬಿರುದಿನೊಡನೆ ೧೯೦೮ರವರೆಗೆ ಬಾಳಿದರು.

ಈ ಮಧ್ಯೆ ಕಾಯಿದೆಗಳು ಒಂದೊಂದಾಗಿ ಬಂದುವು. ೧೮೬೫ರ ಉತ್ತರಾಧಿಕಾರದ ಕಾಯಿದೆ ಹಿಂದೂ, ಮುಸಲ್ಮಾನ, ಬೌದ್ಧರನ್ನು ಬಿಟ್ಟಿತ್ತು. ೧೮೭೦ರ ಹಿಂದೂ ಉಯಿಲುಗಳ ಕಾಯಿದೆ ಬಂಗಾಳಕ್ಕೂ, ಮದರಾಸು ಮತ್ತು ಬೊಂಬಾಯಿ ಪಟ್ಟಣಗಳಿಗೂ ಬಂತು. ೧೮೮೧ರಲ್ಲಿ ಪ್ರೊಬೇಟಿನ ಕಾಯಿದೆ. ಎಲ್ಲವನ್ನೂ ಒಂದುಗೂಡಿಸಿದ್ದು ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರ ಒಣ ಕಲಮುಗಳ ನಡುವೆ ಕೆಲವು ಬಹಳ ವಿವೇಕದವು. ಅಧಿಕಾರಪತ್ರ ದೊರೆತ ಆರು ತಿಂಗಳೊಳಗೆ ಸತ್ತವನ ಸ್ವತ್ತಿನ ಪಟ್ಟಿಯನ್ನೂ, ಒಂದು ವರ್ಷದೊಳಗೆ ಜಮಾಖರ್ಚಿನ ಲೆಕ್ಕವನ್ನೂ ನ್ಯಾಯಸ್ಥಾನಕ್ಕೆ ಒಪ್ಪಿಸಬೇಕು. ಮೊದಲ ಖರ್ಚು ಅಂತ್ಯಕ್ರಿಯೆ ಮತ್ತು ಕೊನೆಯ ಕಾಯಿಲೆಯದು, ಆಮೇಲೆ ನ್ಯಾಯಸ್ಥಾನದ್ದು, ಆಮೇಲೆ ಯಜಮಾನ ಸಾಯುವ ಮುಂಚಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವರು, ಕುಶಲಕರ್ಮಿಗಳು, ಮನೆಯ ಆಳುಗಳ ಸಂಬಳ, ಉಳಿದ ಸಾಲಗಾರರು ಅವರ ಹಿಂದೆ. ವಠಾರ ಗುಡಿಸುವವಳ ಸಂಬಳ ಬ್ಯಾಂಕಿನ ಕೈಸಾಲಕ್ಕಿಂತ ಮುಂದೆ ಎಂದು ಹೇಳುವ ಈ ಕಲಮು ನಮ್ಮ ಬಹು ಮಂದಿಗೆ ತಿಳಿಯದು. ಉಯಿಲಿಲ್ಲದೆ ಸತ್ತವನ ಸ್ವತ್ತಿಗೆ ನ್ಯಾಯಸ್ಥಾನವೇ ನೇಮಿಸಿದ ಆಡಳಿತಗಾರ ಅದರ ಅಪ್ಪಣೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕೆ ಮೀರಿ ಗುತ್ತಿಗೆಗೆ ಕೊಡುವಂತಿಲ್ಲ. ಈ ಐದು ವರ್ಷದ ಮಿತಿಯಲ್ಲಿ ಇಡೀ ತತ್ತ್ವ ಅಡಗಿದೆ: ನೀನು ಕಾಯುವವನು, ನಿನ್ನ ಕಾಲಾವಧಿಯನ್ನು ಮೀರಿ ಮುಂದಿನವರ ಕೈ ಕಟ್ಟಬೇಡ.

ಇದೆಲ್ಲ ಮಹಾನಗರಗಳ ಮಾತಾಯಿತು. ಮೈಸೂರಿನ ಹಿಂದೂ ಮನೆತನಗಳಲ್ಲಿ ಊರಿನ ಉಯಿಲಿಗೆ ಪ್ರೊಬೇಟು ಪಡೆಯಬೇಕೆಂಬ ಕಡ್ಡಾಯವಿರಲಿಲ್ಲ; ಅನೇಕರು ಉಯಿಲನ್ನೇ ಬರೆಯುತ್ತಿರಲಿಲ್ಲ. ಹಿರಿಯ ಮಗ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಬಾಡಿಗೆ ಎತ್ತುತ್ತಿದ್ದ. ಖಾತೆ ಎಂಬುದು ಕಂದಾಯ ಕಟ್ಟುವವರ ಹೆಸರೇ ಹೊರತು ಒಡೆತನದ ಪತ್ರವಲ್ಲವೆಂದು ನ್ಯಾಯಸ್ಥಾನಗಳು ಎಷ್ಟು ಸಲ ಹೇಳಿದರೂ ಬೀದಿಯ ಜನರ ಕಣ್ಣಿಗೆ ಖಾತೆದಾರನೇ ಒಡೆಯ.

ವಿಧವೆಯ ಸ್ಥಿತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಮಕ್ಕಳಿಲ್ಲದೆ ಗಂಡ ಬೇರೆಯಾಗಿದ್ದು ಸತ್ತರೆ ಅವಳಿಗೆ ಸ್ವತ್ತು ಬರುತ್ತಿತ್ತು. ಆದರೆ ಬದುಕಿರುವವರೆಗೆ ಮಾತ್ರ. ಬಾಡಿಗೆ ಅವಳದೇ, ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಮನೆಯನ್ನು ಮಾರಬೇಕಾದರೆ ಮಾತ್ರ ತಕ್ಕ ಅಗತ್ಯವಿತ್ತೆಂದು ತೋರಿಸಬೇಕು. ಅವಳು ಬರೆದುಕೊಟ್ಟ ದೀರ್ಘ ಗುತ್ತಿಗೆ, ಅಂಥ ಅಗತ್ಯವಿಲ್ಲದಿದ್ದರೆ, ಅವಳ ನಂತರದ ವಾರಸುದಾರರನ್ನು ಕಟ್ಟುತ್ತಿರಲಿಲ್ಲ. ಆದ್ದರಿಂದ ವಿಧವೆಯ ಮನೆಗೆ ದೀರ್ಘಕಾಲಕ್ಕೆ ಒಳ್ಳೆಯ ಬಾಡಿಗೆದಾರ ಬರಲು ಹಿಂಜರಿದರೆ ಆಶ್ಚರ್ಯವಿಲ್ಲ. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಉಳಿದ ದೇಶಕ್ಕಿಂತ ಮೊದಲೇ ಎಚ್ಚೆತ್ತಿತೆಂಬುದು ಹೆಮ್ಮೆಯ ಮಾತು. ೧೯೩೩ರ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ, ಅವಿಭಕ್ತ ಕುಟುಂಬದ ವಿಭಾಗವಾಗುವಾಗ ವಿಧವೆ, ತಾಯಿ, ಮದುವೆಯಾಗದ ಮಗಳು ಇವರಿಗೂ ಪಾಲೆಂದು ಹೇಳಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಮಗನ ಸಮಾನ ಪಾಲು, ಅದೂ ಜೀವಮಾನದ ಮಟ್ಟಿಗೆ, ಬಂದದ್ದು ೧೯೩೭ರಲ್ಲಿ. ಪೂರ್ಣ ಒಡೆತನ ಬಂದದ್ದು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಆದರೂ ಆ ಕಾಯಿದೆಯಲ್ಲಿ ಒಂದು ಕೊಕ್ಕೆ ಉಳಿಯಿತು: ಕುಟುಂಬದವರು ವಾಸಿಸುತ್ತಿರುವ ಮನೆಯ ವಿಭಾಗವನ್ನು ಗಂಡುಮಕ್ಕಳು ಕೇಳುವವರೆಗೆ ಹೆಣ್ಣುಮಕ್ಕಳು ಕೇಳುವಂತಿಲ್ಲ.

ಕರ್ನಾಟಕ ೧೯೯೪ರಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕನ್ನು ಕೊಟ್ಟಿತು. ೨೦೦೫ರಲ್ಲಿ ಕೇಂದ್ರದ ತಿದ್ದುಪಡಿ ಆ ಮದುವೆಯ ಅಡ್ಡಿಯನ್ನೂ ಮನೆಯ ಕೊಕ್ಕೆಯನ್ನೂ ತೆಗೆಯಿತು. ತಂದೆ ಆ ದಿನ ಬದುಕಿರಬೇಕೋ ಬೇಡವೋ ಎಂಬ ವಿವಾದ ಮತ್ತೆ ಹದಿನೈದು ವರ್ಷ ನಡೆದು, ಬದುಕಿರಬೇಕಾಗಿಲ್ಲವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಜನ್ಮಸ್ವತ್ವ ಮನೆಯ ಮಗಳವರೆಗೆ ನಡೆದುಬರಲು ಒಂಬತ್ತು ಶತಮಾನ ಹಿಡಿಯಿತು. ಮುಂಬಯಿಯ ಮಗನಷ್ಟೇ ಹಕ್ಕು ಗಂಡನ ಮನೆಯಲ್ಲಿರುವ ಮಗಳಿಗೂ ಬಂತು; ಬಾಡಿಗೆಯ ಲೆಕ್ಕ ಕೇಳುವವರ ಸಂಖ್ಯೆಯೂ ಅಷ್ಟಕ್ಕೆ ಬೆಳೆಯಿತು.

ಒಡೆಯರು ಹೆಚ್ಚಿದಷ್ಟೂ ಮನೆ ಸೋರುವುದು ಹೆಚ್ಚು. ಹೆಂಚು ಹಾಕಿಸುವುದು ಯಾರ ಪಾಲಿನ ಖರ್ಚು ಎಂದು ಎಲ್ಲರೂ ಎಲ್ಲರ ಮುಖ ನೋಡುತ್ತಾರೆ. ಇದು ನಮ್ಮ ಜಾಡ್ಯ ಮಾತ್ರವಲ್ಲ. ರೋಮಿನ ವಾಗ್ಮಿ ಸಿಸೆರೋಗೆ ಕ್ಲೂವಿಯಸ್ ಎಂಬ ಲೇವಾದೇವಿಗಾರ ಪುಟಿಯೋಲಿ ಎಂಬ ರೇವುಪಟ್ಟಣದ ಬಾಡಿಗೆ ಅಂಗಡಿಗಳಲ್ಲಿ ಪಾಲು ಬಿಟ್ಟು ಸತ್ತ. ಇನ್ನೊಬ್ಬ ವಾರಸುದಾರ ಜೂಲಿಯಸ್ ಸೀಸರ್! ಕ್ರಿಸ್ತಪೂರ್ವ ೪೪ರಲ್ಲಿ ಸಿಸೆರೋ ಮಿತ್ರನಿಗೆ ಬರೆದ ಕಾಗದದಲ್ಲಿ ಎರಡು ಅಂಗಡಿ ಕುಸಿದುದನ್ನೂ ಉಳಿದವು ಬಿರುಕುಬಿಟ್ಟುದನ್ನೂ ತಿಳಿಸಿ, ಬಾಡಿಗೆದಾರರ ಹಿಂದೆ ಇಲಿಗಳೂ ಮನೆ ಖಾಲಿಮಾಡಿದುವೆಂದು ನಗೆಯಾಡುತ್ತಾನೆ. ಸಿಸೆರೋ ಹಣವಂತ, ನಗಬಲ್ಲ. ಊರಿನ ಲೇವಾದೇವಿಗಾರ ವೆಸ್ಟೋರಿಯಸನ ಸಲಹೆಯಂತೆ ಕಟ್ಟಿಸಿ ನಷ್ಟವನ್ನೇ ಲಾಭಕ್ಕೆ ತಿರುಗಿಸುವೆನೆಂಬ ಧೈರ್ಯ ಅವನಿಗಿತ್ತು.

ಬಾಡಿಗೆದಾರನ ಕಡೆಯಿಂದಲೂ ನೋಡಬೇಡವೇ? ಅವನಿಗೆ ಕಾನೂನು ಎರಡು ಕೊಡೆಗಳನ್ನು ಹಿಡಿದಿದೆ. ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯಂತೆ, ತಾನು ಯಾರಿಂದ ಹಿಡಿದಿದ್ದನೋ ಅವನಿಗೆ ಒಳ್ಳೆಯ ನಂಬಿಕೆಯಿಂದ ಬಾಡಿಗೆ ಕೊಟ್ಟವನಿಂದ, ಆ ಒಡೆಯನ ಹಕ್ಕು ಲೋಪವೆಂದು ಆಮೇಲೆ ಹೊರಬಿದ್ದರೂ, ಮತ್ತೊಮ್ಮೆ ಬಾಡಿಗೆ ಕೇಳುವಂತಿಲ್ಲ. ಅಣ್ಣತಮ್ಮಂದಿರಿಬ್ಬರೂ ಬಂದು ನನಗೆ ಕೊಡು, ನನಗೆ ಕೊಡು ಎಂದು ನಿಂತರೆ ೧೯೦೮ರ ಸಿವಿಲ್ ಸಂಹಿತೆಯಲ್ಲಿ ಇನ್ನೊಂದು ದಾರಿಯಿದೆ. ಹಣವನ್ನು ನ್ಯಾಯಸ್ಥಾನದಲ್ಲಿ ಕಟ್ಟಿ, ಇವರಿಬ್ಬರಲ್ಲಿ ಯಾರಿಗೆ ಸೇರಬೇಕೋ ನೀವೇ ಹೇಳಿ ಎಂದು ದಾವೆ ಹೂಡಬಹುದು. ಸಾಮಾನ್ಯವಾಗಿ ಬಾಡಿಗೆದಾರ ತನ್ನ ಒಡೆಯನ ಮೇಲೆ ಇಂಥ ದಾವೆ ತರುವಂತಿಲ್ಲ. ಆದರೆ ಇಬ್ಬರೂ ಸತ್ತ ಒಡೆಯನ ಮೂಲಕವೇ ಹಕ್ಕು ಹೇಳುವವರಾದ್ದರಿಂದ ಆ ನಿಷೇಧ ಇಲ್ಲಿ ತಟ್ಟುವುದಿಲ್ಲ. ಇಷ್ಟು ದೂರ ಹೋಗುವವರು ಕಡಮೆ. ಎರಡು ತಿಂಗಳ ಹಣವನ್ನು ತೆಗೆದಿಟ್ಟು, ಎಲ್ಲ ವಾರಸುದಾರರ ಸಹಿ ಇರುವ ಒಂದು ಚೀಟಿ ತನ್ನಿ ಎಂದು ವಿನಯವಾಗಿ ಕೇಳಿದ ಬಾಡಿಗೆದಾರನೇ ಹಲವು ಮನೆಗಳಲ್ಲಿ ಅಣ್ಣತಮ್ಮಂದಿರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾನೆ.

ಬಾಡಿಗೆ ನಿಯಂತ್ರಣದ ಕಾಯಿದೆಗಳು ಬಂದ ಮೇಲೆ ತಕ್ಕಡಿ ಇನ್ನೊಂದು ಕಡೆಗೂ ವಾಲಿತು. ಮೈಸೂರಿನಲ್ಲಿ ೧೯೫೧ರ ಕಾಯಿದೆ, ಆಮೇಲೆ ೧೯೬೧ರದು, ಕೊನೆಗೆ ೧೯೯೯ರದು. ಈಗ ಸತ್ತ ಒಡೆಯನಿಗೆ ಮಾತ್ರವಲ್ಲ, ಸತ್ತ ಬಾಡಿಗೆದಾರನಿಗೂ ವಾರಸುದಾರರು. ೧೯೯೯ರ ಕಾಯಿದೆ ಅವರಿಗೆ ಐದು ವರ್ಷಗಳ ಮಿತಿ ಹಾಕಿತು. ಇತ್ತ ಒಡೆಯರ ಪೈಕಿ ಒಬ್ಬನೇ ಉಳಿದವರ ಪರವಾಗಿ ಬಾಡಿಗೆದಾರನನ್ನು ಬಿಡಿಸುವ ದಾವೆ ತರಬಹುದೆಂದು ೧೯೭೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿತ್ತು. ಎಲ್ಲರ ಸಹಿ ಬರುವವರೆಗೆ ಕಾದರೆ ಕೆಲವು ಮನೆಗಳಲ್ಲಿ ದಾವೆಯೇ ಹುಟ್ಟದು.

ಕೊನೆಗೆ ಉಳಿಯುವುದು ಅಡ್ವಾನ್ಸಿನ ಹಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಪದ್ಧತಿ ಬೆಳೆಯಿತು. ಯಜಮಾನರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿರುವುದಿಲ್ಲ. ಮಗಳ ಮದುವೆಗೋ ಮಹಡಿ ಕಟ್ಟಿಸುವುದಕ್ಕೋ ಅದು ಎಂದೋ ಕರಗಿರುತ್ತದೆ. ಅವರು ಸತ್ತ ಮೇಲೆ ಬಾಡಿಗೆಯಲ್ಲಿ ಪಾಲು ಕೇಳುವ ನಾಲ್ವರಲ್ಲಿ ಈ ಹಣ ನಮ್ಮ ಮೇಲಿನ ಸಾಲವೆಂದು ಮೊದಲು ನೆನೆಯುವವರು ಅಪರೂಪ. ಹಿಂದಿನ ಶಾಸ್ತ್ರ ಇಲ್ಲಿ ಕಠಿಣವಾಗಿತ್ತು: ತಂದೆಯ ನ್ಯಾಯವಾದ ಸಾಲವನ್ನು ಮಗ, ಮೊಮ್ಮಗ, ಮರಿಮಗ ತೀರಿಸುವುದು ಧರ್ಮದ ಋಣ. ೨೦೦೫ರ ತಿದ್ದುಪಡಿ ಅಲ್ಲಿಂದ ಮುಂದಿನ ಸಾಲಗಳಿಗೆ ಈ ಋಣವನ್ನು ತೆಗೆದುಹಾಕಿತು. ತಂದೆಯಿಂದ ಕೈಗೆ ಬಂದ ಸ್ವತ್ತಿನ ಮಟ್ಟಿಗೆ ಮಾತ್ರ ಈಗ ಹೊಣೆ. ಮನೆಯೇ ಕೈಗೆ ಬಂದಿರುವಾಗ ಅಡ್ವಾನ್ಸು ಆ ಮಟ್ಟದೊಳಗೇ ಸೇರುತ್ತದೆ. ಪಾಲುಪತ್ರ ಬರೆಯಲು ಕುಳಿತವರು ಯಾವ ಮನೆಯ ಅಡ್ವಾನ್ಸು ಎಷ್ಟು, ಅದನ್ನು ಹಿಂತಿರುಗಿಸುವವರು ಯಾರು ಎಂದು ಒಂದು ಸಾಲು ಸೇರಿಸಿದರೆ, ವಠಾರದ ಆರು ಮನೆಯವರೂ ಆ ಪತ್ರವನ್ನು ನೋಡಲು ಬಯಸುತ್ತಾರೆ.